ತೊಂಬತ್ತು ದಿನ ನಿಂತ ಗಾಡಿ

ಯಾರಿಗೂ ಬೇಡದ ಕಾರನ್ನು ಮಾರುವುದು ಕಷ್ಟ ಎಂದು ನಮ್ಮ ಶೋರೂಮಿನಲ್ಲಿ ಎಲ್ಲರೂ ಗೋಳಾಡುತ್ತಾರೆ. ಮಾರಾಟವಾಗಬಲ್ಲ ಕಾರೊಂದು ಮಾರಾಟವಾಗದಂತೆ ಕಾಯುವುದು ಎಷ್ಟು ಕಷ್ಟ ಎಂದು ಅವರಿಗೇನು ಗೊತ್ತು? ನಾನು ಆ ಕೆಲಸವನ್ನು ತೊಂಬತ್ತು ದಿನ ಮಾಡಿದ್ದೇನೆ.

ಶೋರೂಮಿನ ಹಿಂದಿನ ಯಾರ್ಡು ನನ್ನ ಸುಪರ್ದಿಯಲ್ಲಿದೆ. ಲಾರಿಯಿಂದ ಇಳಿದ ಪ್ರತಿ ಹೊಸ ಗಾಡಿಯ ಚಾಸಿ ನಂಬರ್ ಬರೆದುಕೊಂಡು, ಸಾಲಿನಲ್ಲಿ ನಿಲ್ಲಿಸಿ, ಕೀಲಿಯನ್ನು ಗೋಡೆಯ ಪೆಟ್ಟಿಗೆಯಲ್ಲಿ ತೂಗುಹಾಕುವವನು ನಾನು. ಯಾವ ಗಾಡಿ ಯಾರಿಗೆ ಎಂದು ಹಂಚುವವರು ಮ್ಯಾನೇಜರ್ ಮೇಡಂ. ಮಾತಾಡಿ ಮರುಳು ಮಾಡುವವರು ಮಾರಾಟದ ಹುಡುಗರು. ಬಿಸಿಲು, ಧೂಳು, ಟೈರಿನ ಗಾಳಿ ಮಾತ್ರ ನನ್ನ ಪಾಲು.

ನೌಕರರಿಗೆ ರಿಯಾಯಿತಿ ಬೆಲೆ ಇದೆ. ಕೇಳಿದವರೆಲ್ಲ ‘ನಿಮಗೇನಪ್ಪಾ!’ ಎಂದು ಹೊಟ್ಟೆ ಉರಿದುಕೊಳ್ಳುತ್ತಾರೆ. ಅದರ ಷರತ್ತು ಅವರಿಗೆ ಗೊತ್ತಿಲ್ಲ. ಹೊಸ ಗಾಡಿ ಬಂದರೆ ಮೊದಲು ಗಿರಾಕಿಗಳ ಕಾಯುವ ಪಟ್ಟಿ. ಆ ಪಟ್ಟಿಯವರೂ ಬೇಡವೆಂದು, ಬಾಗಿಲಿಗೆ ಬಂದವರೂ ಬೇಡವೆಂದು, ಯಾರ್ಡಿಗೆ ಇಳಿದ ದಿನದಿಂದ ತೊಂಬತ್ತು ದಿನ ನಿಂತಲ್ಲೇ ನಿಂತಿದ್ದರೆ ಮಾತ್ರ ನೌಕರ ಅರ್ಜಿ ಹಾಕಬಹುದು. ಊರೆಲ್ಲ ಮೂಗು ಮುರಿದದ್ದು ನಮಗೆ.

ನನಗೆ ಬೇಕಾದ ಗಾಡಿ ಹಾಗೆಯೇ ಬಂತು. ತಳ ನೆಲಕ್ಕೆ ಹತ್ತಿರ, ಪಕ್ಕದ ಬಾಗಿಲು ಅಗಲವಾಗಿ ಸರಿದು ತೆರೆದುಕೊಳ್ಳುತ್ತದೆ. ಗಾಲಿಕುರ್ಚಿಯನ್ನು ಬಾಗಿಲಿಗೆ ಒತ್ತಿ ನಿಲ್ಲಿಸಿದರೆ ಕೂತವರು ಸೀಟಿಗೆ ಜಾರಿಕೊಳ್ಳಬಹುದು. ಬಣ್ಣ ಮಾತ್ರ ಪಾಚಿ. ಬುಕ್ ಮಾಡಿದ್ದ ಗಿರಾಕಿ ಬಣ್ಣ ನೋಡಿ ಮುಖ ಕಿವುಚಿಕೊಂಡು ಹೋದ. ಅವನ ಕಾಲಿಗೆ ಬೀಳುವಷ್ಟು ಸಂತೋಷವಾಗಿತ್ತು ನನಗೆ.

ಗಾಡಿ ಬೇಕಾಗಿದ್ದದ್ದು ಅಕ್ಕನಿಗೆ. ಹೊಲಿಗೆ ಮಷಿನ್ ತುಳಿದು ನನ್ನನ್ನು ಸಾಕಿದವಳು, ಓದಿಸಿದವಳು ಅವಳು. ಒಂದು ಬೆಳಿಗ್ಗೆ ಸೂಜಿಗೆ ದಾರ ಪೋಣಿಸುತ್ತಿದ್ದವಳು ಹಾಗೆಯೇ ಎಡಕ್ಕೆ ವಾಲಿದಳು. ಎಡಗೈ, ಎಡಗಾಲು ಎರಡೂ ಕೈಕೊಟ್ಟವು. ಕೈ ಸ್ವಲ್ಪ ಸ್ವಲ್ಪವಾಗಿ ಮರಳಿತು. ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರು, “ಕಾಲೂ ಬರುತ್ತೆ, ಆದ್ರೆ ವಾರಕ್ಕೆ ಮೂರು ಸಲ ವ್ಯಾಯಾಮಕ್ಕೆ ಕರ್ಕೊಂಡು ಬನ್ನಿ. ಮೊದಲಿನ ತಿಂಗಳುಗಳೇ ಮುಖ್ಯ,” ಎಂದಿದ್ದರು. ಅಕ್ಕ ಅವರನ್ನು ಕೇಳಿದ್ದು ಒಂದೇ ಪ್ರಶ್ನೆ: “ಮಷಿನ್ ತುಳಿಯೋಕಾಗುತ್ತಾ?” ಆಗುತ್ತದೆ ಎಂಬಂತೆ ಡಾಕ್ಟರು ತಲೆಯಾಡಿಸಿದ್ದರು. ಅಂದಿನಿಂದ ಮನೆಯಲ್ಲಿ ಮಷಿನ್ ಮೇಲಿನ ಬಟ್ಟೆಯನ್ನು ಅವಳು ದಿನವೂ ತೆಗೆಸಿ ಒರೆಸುತ್ತಿದ್ದಳು.

ವ್ಯಾಯಾಮದ ಕೇಂದ್ರ ಊರಿನ ಆ ತುದಿಯಲ್ಲಿ. ಟ್ಯಾಕ್ಸಿಯವರು ಗಾಲಿಕುರ್ಚಿ ಕಂಡರೆ ಕಂಡೂ ಕಾಣದವರಂತೆ ಮುಂದೆ ಹೋಗುತ್ತಿದ್ದರು. ನಿಂತ ಒಬ್ಬನ ಗಾಡಿ ಎತ್ತರವಾಗಿತ್ತು. ಹತ್ತಿಸುವಾಗ ನನ್ನ ಹಿಡಿತ ಜಾರಿ ಅಕ್ಕ ಸೀಟಿಗೂ ಬಾಗಿಲಿಗೂ ನಡುವೆ ಸಿಕ್ಕಿಕೊಂಡಳು. ಅವಳ ಕೂಗು ಇಡೀ ಬೀದಿಗೆ ಕೇಳಿಸಿತು.

ಅದಾದ ಮೇಲೆ ಅಕ್ಕನೇ ಹೇಳಿದ್ದಳು: “ಕುರ್ಚೀನೇ ತಳ್ಕೊಂಡು ಹೋಗೋಣ ಕಣೋ. ಒಂದೂವರೆ ಗಂಟೆ ದಾರಿ ತಾನೇ?”

“ಸುಮ್ನಿರಕ್ಕ. ಕಾರ್ ಶೋರೂಮಲ್ಲಿ ಕೆಲಸ ಮಾಡೋನು ಅಕ್ಕನ್ನ ರಸ್ತೇಲಿ ತಳ್ಕೊಂಡು ಹೋಗ್ತಿದ್ದಾನೆ ಅಂತ ಜನ ಆಡ್ಕೋಬೇಕಾ? ಮೂರೇ ತಿಂಗಳು. ರಾಣಿ ಥರ ಕರ್ಕೊಂಡು ಹೋಗ್ತೀನಿ.”

ಅಕ್ಕ ನಕ್ಕಳು. “ಆಯ್ತಪ್ಪಾ, ರಾಜ,” ಎಂದಳು.

ಪಾಚಿ ಗಾಡಿಯನ್ನು ನಾನು ಕೊನೆಯ ಸಾಲಿಗೆ ಒಯ್ದೆ. ಕ್ಯಾಂಟೀನಿನ ಹಿಂಗೋಡೆಗೆ ಬೆನ್ನು ತಾಗುವಂತೆ ಸಿಕ್ಕಿಸಿ, ಮುಂದೆ ಎರಡು ದೊಡ್ಡ ಗಾಡಿ ಅಡ್ಡ ನಿಲ್ಲಿಸಿದೆ. ತೊಳೆಯುವ ಪಟ್ಟಿಯಿಂದ ಅದರ ನಂಬರ್ ಬಿಟ್ಟೆ. ಯಾರ್ಡಿನಲ್ಲಿ ನಿಂತ ಪ್ರತಿ ಗಾಡಿಯನ್ನೂ ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ, ಮುಂದೆ ಹಿಂದೆ ಆಡಿಸಿ, ರಿಜಿಸ್ಟರಿನಲ್ಲಿ ಸಹಿ ಹಾಕಬೇಕು. ಅದನ್ನು ಆಡಿಸಬೇಕಾದರೆ ಮುಂದಿನ ಎರಡನ್ನು ತೆಗೆಯಬೇಕು, ತೆಗೆದರೆ ಇದು ಎಲ್ಲರ ಕಣ್ಣಿಗೆ ಬೀಳುತ್ತದೆ. ಹಾಗಾಗಿ ಸಹಿ ಮಾತ್ರ ಹಾಕಿದೆ. ಸಹಿ ಹಾಕಲು ಏನು ಕಷ್ಟ, ಪೆನ್ನು ಜೇಬಿನಲ್ಲೇ ಇತ್ತು.

ಮನೆಯಲ್ಲೂ ಅಷ್ಟೆ. ಆಸ್ಪತ್ರೆಯವರು ಮನೆಯಲ್ಲಿ ಮಾಡಿಸಲು ಕೊಟ್ಟಿದ್ದ ವ್ಯಾಯಾಮದ ಹಾಳೆ ಗೋಡೆಯ ಮೇಲಿತ್ತು. ಮಂಡಿ ಮಡಿಸು, ಚಾಚು, ಹಿಡಿದು ನಿಲ್ಲಿಸು. ಒಂದು ವಾರ ಮಾಡಿಸಿದೆ. ಅವಳಿಗೆ ನೋವು, ನನಗೆ ಹೊತ್ತಾಗುತ್ತಿತ್ತು. “ಗಾಡಿ ಬಂದ್ಮೇಲೆ ಅಲ್ಲೇ ಸರಿಯಾಗಿ ಶುರು ಮಾಡೋಣ ಬಿಡಕ್ಕ,” ಎಂದೆ. ಅವಳು ಹ್ಞೂಂ ಎಂದಳು. ನಾನು ಹೇಳಿದ್ದಕ್ಕೆಲ್ಲ ಹ್ಞೂಂ ಎನ್ನುವುದು ಅವಳಿಗೆ ಯಾವಾಗ ಅಭ್ಯಾಸವಾಯಿತೋ ನಾನು ಗಮನಿಸಲಿಲ್ಲ.

ಎಂಬತ್ತನೆಯ ದಿನ ನನ್ನ ಲೆಕ್ಕ ತಲೆಕೆಳಗಾಯಿತು. ಅಷ್ಟು ಹಳತಾದ ಗಾಡಿಗಳ ನಂಬರನ್ನು ಮೇಡಂ ಕೆಂಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸುತ್ತಾರೆ. ಅದನ್ನು ಮಾರಿದವರಿಗೆ ವಿಶೇಷ ಬಹುಮಾನ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಆ ಬಣ್ಣವನ್ನು ಯಾವ ಬಹುಮಾನವೂ ಗೆಲ್ಲಲಾರದು ಎಂದುಕೊಂಡಿದ್ದೆ. ಜೇನುತುಪ್ಪ ಎಂದು ನಾವು ಕರೆಯುವ ಮಾರಾಟಗಾರನನ್ನು ಮರೆತಿದ್ದೆ. ಅವನ ಬಾಯಿಗೆ ಸಿಕ್ಕವರು ಬಂದದ್ದೊಂದಕ್ಕೆ, ಕೊಂಡು ಹೋಗುವುದು ಇನ್ನೊಂದನ್ನು.

“ಏನ್ ಗುರು, ಪಾಚಿಯನ್ನ ಎಲ್ಲಿ ಬಚ್ಚಿಟ್ಟಿದ್ದೀಯಾ?” ಎಂದು ಬಂದ.

“ಬ್ಯಾಟರಿ ಕೂತಿದೆ. ಆಮೇಲೆ ನೋಡೋಣ.”

“ಪ್ರತಿ ವಾರ ಸ್ಟಾರ್ಟ್ ಮಾಡೋ ಗಾಡೀದು ಬ್ಯಾಟರಿ ಹೇಗೆ ಕೂರುತ್ತೆ? ನನ್ನ ಕಿವಿಗೆ ಹೂವಿಡ್ಬೇಡ ಮಾರಾಯ.”

ನಾನು ನಕ್ಕು ಸಾಗಹಾಕಿದೆ. ಅವನು ಹೋದದ್ದೇ ತಡ, ಬಾನೆಟ್ ಎತ್ತಿ ಬ್ಯಾಟರಿಯ ವೈರನ್ನು ಕಳಚಿದೆ. ಅವಸರದಲ್ಲಿ ಒಳಗೆ ಏನಿದೆ ಎಂದು ನೋಡಲಿಲ್ಲ. ಒಂದು ಥರ ವಾಸನೆ ಬಂತು. ಕ್ಯಾಂಟೀನಿನ ಕಸದ ಡಬ್ಬದ್ದು ಎಂದುಕೊಂಡೆ.

ಎಂಬತ್ತಾರನೆಯ ದಿನ ಜೇನುತುಪ್ಪ ಗಿರಾಕಿಯನ್ನೇ ಕರೆದುಕೊಂಡು ಬಂದ. ವಯಸ್ಸಾದ ಅಪ್ಪನನ್ನು ಓಡಾಡಿಸಲು ತಗ್ಗಿನ ಗಾಡಿ ಬೇಕಂತೆ. ಬಣ್ಣದ ಬಗ್ಗೆ ಆ ಮನುಷ್ಯ ತುಟಿ ಪಿಟಕ್ಕೆನ್ನಲಿಲ್ಲ. ಕೀಲಿ ಕೊಟ್ಟೆ. ಗಿರಾಕಿ ಒಳಗೆ ಕೂತು ತಿರುಗಿಸಿದ, ಮತ್ತೆ ತಿರುಗಿಸಿದ. ಗಾಡಿ ಉಸಿರೆತ್ತಲಿಲ್ಲ. “ಇಷ್ಟು ದಿನ ನಿಂತ ಗಾಡಿ ನಮಗೆ ಬೇಡಪ್ಪ,” ಎಂದು ಆತ ಇಳಿದು ಹೋದ. ಅವನ ಅಪ್ಪನ ಬಗ್ಗೆ ನನಗೆ ಒಂದಿಷ್ಟೂ ಕನಿಕರ ಬರಲಿಲ್ಲ, ನಿಜ ಹೇಳುತ್ತೇನೆ. ಮನೆಗೆ ಹೋಗಿ ಅಕ್ಕನಿಗೆ, “ಇನ್ನು ನಾಲ್ಕು ದಿನ,” ಎಂದೆ. ಅವತ್ತೇ ವ್ಯಾಯಾಮದ ಕೇಂದ್ರದಿಂದ ಫೋನು ಬಂದಿತ್ತು: ಮುಂದಿನ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಬರದಿದ್ದರೆ ಅಕ್ಕನ ಹೆಸರು ತೆಗೆದುಹಾಕುತ್ತಾರಂತೆ. “ಬರ್ತೀವಿ ಅಂದ್ಬಿಟ್ಟೆ,” ಎಂದಳು ಅಕ್ಕ.

ತೊಂಬತ್ತನೆಯ ದಿನ ಶನಿವಾರ. ಮೇಡಂ ಮೇಜಿನ ಮೇಲೆ ಮೊದಲ ಕಾಗದವೇ ನನ್ನ ಅರ್ಜಿ; ಸೋಮವಾರ ಬೆಳಿಗ್ಗೆ ಅಕ್ಕನನ್ನು ಕೇಂದ್ರಕ್ಕೆ ಕರೆದೊಯ್ಯಲು ರಜೆಯನ್ನೂ ಅದರಲ್ಲೇ ಕೇಳಿದ್ದೆ. ಅವರು ಓದಿ, ಸಹಿ ಹಾಕಿ, “ಅಕ್ಕನಿಗಾ? ಒಳ್ಳೇದಾಯ್ತು,” ಎಂದರು. ನನಗೆ ಕಣ್ಣು ತುಂಬಿ ಬಂತು. ಓಡಿ ಹೋಗಿ ಅಡ್ಡ ಇದ್ದ ಗಾಡಿಗಳನ್ನು ತೆಗೆದೆ, ಬ್ಯಾಟರಿಯ ವೈರು ಜೋಡಿಸಿದೆ, ಕೀಲಿ ತಿರುಗಿಸಿದೆ.

ಏನೂ ಆಗಲಿಲ್ಲ. ಬೇರೆ ಬ್ಯಾಟರಿ ತಂದು ಹಾಕಿದೆ. ಆಗಲೂ ಇಲ್ಲ. ಕೊನೆಗೆ ವರ್ಕ್‌ಶಾಪಿನಿಂದ ಮೆಕ್ಯಾನಿಕ್ ಮಾಮನನ್ನು ಕರೆದೆ. ಅವರು ಬಗ್ಗಿ, ಒಂದು ಮುಚ್ಚಳ ಬಿಚ್ಚಿ, ಕೈ ಹಿಂದಕ್ಕೆಳೆದುಕೊಂಡರು. ಒಳಗೆ ಇಲಿಯ ಗೂಡು. ಸೀಟಿನ ಸ್ಪಂಜು, ಕ್ಯಾಂಟೀನಿನ ಕಾಗದ, ಕೂದಲಿಲ್ಲದ ಐದಾರು ಮರಿಗಳು. ಸುತ್ತ ವೈರುಗಳ ತುಂಡು. ಡ್ಯಾಶ್‌ಬೋರ್ಡ್ ಬಿಚ್ಚಿದರೆ ಅಲ್ಲೂ ಅದೇ ಕಥೆ. ಏರ್‌ಬ್ಯಾಗಿನ ವೈರನ್ನೂ ಬಿಟ್ಟಿರಲಿಲ್ಲ.

“ಎಷ್ಟು ದಿನ ಆಯ್ತಪ್ಪಾ ಇದನ್ನ ಆಡಿಸ್ದೆ?” ಎಂದು ಮಾಮ ಕೇಳಿದರು.

ನಾನು ಬಾಯಿ ಬಿಡುವ ಮೊದಲೇ, ರಿಜಿಸ್ಟರ್ ಹಿಡಿದು ಬಂದು ಹಿಂದೆ ನಿಂತಿದ್ದ ಮೇಡಂ ಅದನ್ನು ತೆರೆದರು. “ವಾರ ವಾರ ಸಹಿ ಇದೆಯಲ್ಲ,” ಎಂದರು. ಮಾಮ ಗೂಡನ್ನು ನೋಡಿದರು, ನನ್ನನ್ನು ನೋಡಿದರು, ಕೈ ಒರೆಸಿಕೊಂಡು ಹೋದರು. ಮೇಡಂಗೆ ಅಷ್ಟೇ ಸಾಕಾಯಿತು.

“ಹೀಗೇ ಕೊಟ್ಬಿಡಿ ಮೇಡಂ, ಇದ್ದ ಹಾಗೇ. ನಾನೇ ರಿಪೇರಿ ಮಾಡಿಸ್ಕೋತೀನಿ. ನಿಮ್ಮ ಕಾಲಿಗೆ ಬೀಳ್ತೀನಿ.”

“ಬೀಳ್ಬೇಡಿ, ಏಳಿ. ಏರ್‌ಬ್ಯಾಗ್ ಹೋದ ಗಾಡೀನ ನಾನು ಯಾರಿಗೂ ಕೊಡೋ ಹಾಗಿಲ್ಲ. ಅದು ಕಂಪನಿಗೆ ವಾಪಸ್ ಹೋಗುತ್ತೆ.”

“ಬೇರೆ ಯಾವುದಾದ್ರೂ ಒಂದು ಮೇಡಂ…”

“ತಗ್ಗಿನ ಗಾಡಿ ಬೇರೆ ಇಲ್ಲ. ಇದ್ರೂ ಅದಕ್ಕೂ ತೊಂಬತ್ತು ದಿನ ಆಗ್ಬೇಕು.” ಅವರು ನನ್ನ ಅರ್ಜಿಯನ್ನು ಮಡಿಸಿ ರಿಜಿಸ್ಟರಿನೊಳಗಿಟ್ಟರು. “ಈ ಸಹಿಗಳ ವಿಚಾರ ಸೋಮವಾರ ಮಧ್ಯಾಹ್ನ ಮಾತಾಡೋಣ. ಬೆಳಿಗ್ಗೆ ರಜಾ ತಗೊಳ್ಳಿ.” ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮನೆಯಲ್ಲಿ ಅಕ್ಕ ಹೊಸ ಸೀರೆ ತೆಗೆದಿಟ್ಟುಕೊಂಡಿದ್ದಳು. ಇಲಿಯ ವಿಷಯ ಹೇಳಿದೆ. ಸಹಿಯ ವಿಷಯ ಹೇಳಲು ನಾಲಿಗೆ ಏಳಲಿಲ್ಲ. ಅವಳು ಸೀರೆಯ ಅಂಚನ್ನು ಸವರಿದಳು. ಆಮೇಲೆ, “ಸೋಮವಾರ ಬೇಗ ಏಳು. ಕುರ್ಚಿ ಗಾಲಿಗೆ ಎಣ್ಣೆ ಹಾಕು,” ಎಂದಳು.

ಸೋಮವಾರ ಏಳು ಗಂಟೆಗೆ ಹೊರಟೆವು. ಶೋರೂಮಿನ ಮುಂದೆ ಹಾದು ಹೋಗದೆ ಬೇರೆ ದಾರಿಯಿಲ್ಲ. ಗಾಜು ಒರೆಸುತ್ತಿದ್ದವರು ತಿರುಗಿ ನೋಡಿದರು. ಜೇನುತುಪ್ಪ ಬೈಕು ನಿಲ್ಲಿಸುತ್ತಿದ್ದವನು ಓಡಿ ಬಂದು, ನಾವು ರಸ್ತೆ ದಾಟುವವರೆಗೆ ಕೈ ಅಡ್ಡ ಹಿಡಿದು ವಾಹನಗಳನ್ನು ತಡೆದ. ಯಾರೂ ಆಡಿಕೊಳ್ಳಲಿಲ್ಲ. ಇದಕ್ಕೇ ನಾನು ಮೂರು ತಿಂಗಳು ಹೆದರಿದ್ದೆ. ಎಂಟೂ ಇಪ್ಪತ್ತಕ್ಕೆ ಕೇಂದ್ರದ ಬಾಗಿಲಲ್ಲಿದ್ದೆವು. ಒಂದೂವರೆ ಗಂಟೆಯೂ ಆಗಿರಲಿಲ್ಲ.

ವ್ಯಾಯಾಮದ ಡಾಕ್ಟರು ಅಕ್ಕನನ್ನು ಎತ್ತರದ ಹಾಸಿಗೆಯ ಮೇಲೆ ಮಲಗಿಸಿ ಎಡಮಂಡಿಯನ್ನು ಮೆಲ್ಲಗೆ ಒತ್ತಿದರು. ಮಂಡಿ ಅರ್ಧಕ್ಕೆ ನಿಂತಿತು. ಇನ್ನಷ್ಟು ಒತ್ತಿದರು. ಅಕ್ಕ ತುಟಿ ಕಚ್ಚಿಕೊಂಡಳು. ಮಂಡಿ ಚಾಚಲಿಲ್ಲ. ಪಾದ ಹಿಡಿದು ಮೇಲಕ್ಕೆ ಬಾಗಿಸಲು ನೋಡಿದರು. ಅದೂ ಹಾಗೆಯೇ ಕೆಳಮುಖವಾಗಿ ನಿಂತಿತ್ತು.

“ಎಷ್ಟು ದಿನ ಆಯ್ತು ಈ ಕಾಲನ್ನ ಆಡಿಸ್ದೆ?” ಎಂದು ಕೇಳಿದರು.

ನಾನು ಗಾಲಿಕುರ್ಚಿಯನ್ನು ಗೋಡೆಗೆ ಸರಿಸುವ ನೆಪದಲ್ಲಿ ಬಗ್ಗಿದೆ.

“ಇಲ್ಲ ಡಾಕ್ಟ್ರೇ, ವಾರ ವಾರ ಮಾಡಿಸ್ತಿದ್ದ ನನ್ನ ತಮ್ಮ,” ಎಂದಳು ಅಕ್ಕ. “ನನ್ನ ಕಾಲೇ ಸರಿಯಿಲ್ಲ.”

ಡಾಕ್ಟರು ತಲೆಯಾಡಿಸಿ ಹಾಳೆಯಲ್ಲಿ ಅದನ್ನೇ ಬರೆಯತೊಡಗಿದರು. ಪೆನ್ನು ಕಾಗದದ ಮೇಲೆ ಓಡುವುದನ್ನು ನೋಡುತ್ತಾ ನಿಂತೆ. ಸುಮ್ಮನಿದ್ದರೆ ಇಲ್ಲೂ ಪಾರಾಗುತ್ತಿದ್ದೆ.

“ಅದನ್ನ ಹೊಡೆದು ಹಾಕಿ ಡಾಕ್ಟ್ರೇ,” ಎಂದೆ. “ಒಂದು ವಾರ ಮಾಡಿಸಿ ಬಿಟ್ಬಿಟ್ಟೆ. ಮೂರು ತಿಂಗಳಾಯ್ತು.”

ಅವರು ಬರೆಯುವುದನ್ನು ನಿಲ್ಲಿಸಿ ಗಾಲಿಕುರ್ಚಿಯನ್ನೂ ನನ್ನ ಧೂಳು ಮೆತ್ತಿದ ಚಪ್ಪಲಿಯನ್ನೂ ನೋಡಿದರು. “ಇವತ್ತು ಹೇಗೆ ಬಂದ್ರಿ?”

“ತಳ್ಕೊಂಡು.”

“ಹಾಗೇ ಮೊದಲೇ ಬಂದಿದ್ರೆ ಈ ಮಂಡಿ ಹೀಗಾಗ್ತಿರ್ಲಿಲ್ಲ. ಈಗ ಎಷ್ಟು ಬರುತ್ತೋ ಹೇಳೋಕಾಗಲ್ಲ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. “ಇಷ್ಟು ದಿನ ಯಾತಕ್ಕೆ ಕಾಯ್ತಿದ್ರಿ?”

ಅಕ್ಕ ಎಡಗೈಯನ್ನು ಕಷ್ಟಪಟ್ಟು ಎತ್ತಿ ನನ್ನ ತೋಳು ಹಿಡಿದುಕೊಂಡಳು. “ಕಾರ್ ಬರ್ಲಿ ಅಂತ,” ಎಂದಳು.

“ಯಾವ ಕಾರ್?” ಎಂದರು ಡಾಕ್ಟರು.