ಗುಂಡನ ಸೋಮವಾರ

ನಮ್ಮ ಗುಂಡ ಸೋಮವಾರ ಉಪವಾಸ ಮಾಡುತ್ತಿದ್ದ. ನಾಯಿ ಉಪವಾಸ ಮಾಡುತ್ತದೆಯೇ ಎಂದು ನಗಬೇಡಿ, ಭದ್ರಾವತಿಯ ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದ್ದರೂ ಹೌದು ಎನ್ನುತ್ತಿದ್ದರು. ನಮ್ಮತ್ತೆ ವೀರಮ್ಮ ಸೋಮವಾರ ಸಂಜೆ ಲಿಂಗಪೂಜೆ ಮುಗಿಯುವವರೆಗೆ ಏನೂ ಮುಟ್ಟುತ್ತಿರಲಿಲ್ಲ. ಗುಂಡನೂ ಅಷ್ಟೆ. ಹಾಲನ್ನ ಇಟ್ಟರೆ ಮೂಸಿ ನೋಡಿ, ಅತ್ತೆಯ ಕಾಲ ಬಳಿ ಮಲಗಿಬಿಡುತ್ತಿದ್ದ. "ಮನೇಲಿ ನನ್ನ ಜೊತೆ ಉಪವಾಸ ಇರೋನು ಇವನೊಬ್ಬನೇ" ಎಂದು ಅತ್ತೆ ನನಗೆ ಕೇಳುವ ಹಾಗೆ ಹೇಳುತ್ತಿದ್ದರು. ನಾನು ಕೇಳಿಸದವಳಂತೆ ಚಿತ್ರಾನ್ನ ತಿನ್ನುತ್ತಿದ್ದೆ.

ಆ ಗುಂಡ ತೊಂಬತ್ತೆಂಟರ ಬೇಸಿಗೆಯಲ್ಲಿ ಸತ್ತ. ವಯಸ್ಸಾಗಿತ್ತು, ಕೊನೆಕೊನೆಗೆ ಪಕ್ಕೆಲುಬು ಕಾಣುತ್ತಿದ್ದವು. ಹಣೆಗೆ ವಿಭೂತಿ ಹಚ್ಚಿ ಹಿತ್ತಲಿನ ದಾಸವಾಳದ ಬುಡದಲ್ಲಿ ಮಣ್ಣು ಮಾಡಿದೆವು. ಆವತ್ತಿನಿಂದ ಅತ್ತೆ ಸರಿಯಾಗಿ ಊಟ ಮಾಡಲಿಲ್ಲ. "ನಾನೇ ಕೊಂದೆ ಕಣೇ ಸುಮನಾ. ಮುದಿ ಪ್ರಾಣಿ, ನನ್ನ ಜೊತೆ ಉಪವಾಸ ಬಿದ್ದು ಸೊರಗಿ ಹೋಯ್ತು" ಎಂದು ತಟ್ಟೆ ಸರಿಸುತ್ತಿದ್ದರು. ನನ್ನ ಗಂಡ ಮಲ್ಲೇಶ್ ಎಷ್ಟು ಸಮಾಧಾನ ಹೇಳಿದರೂ ಕೇಳಲಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಇದರ ನಡುವೆ ನನ್ನ ತಲೆಯಲ್ಲೊಂದು ಹುಳ ಕೊರೆಯುತ್ತಿತ್ತು. ಮಣ್ಣು ಮಾಡುವಾಗ ಗುಂಡನ ಕುತ್ತಿಗೆಯಲ್ಲಿದ್ದ ಕಪ್ಪು ದಾರ, ತಾಮ್ರದ ತಾಯತ ಬಿಚ್ಚಿಟ್ಟಿದ್ದೆ. ಅದನ್ನು ನಾನು ಕಟ್ಟಿದ್ದೆಂದು ಅತ್ತೆ ತಿಳಿದಿದ್ದರು, ಅತ್ತೆ ಕಟ್ಟಿದ್ದೆಂದು ನಾನು. ಹಾಗಾದರೆ ಕಟ್ಟಿದವರು ಯಾರು? ಸೋಮವಾರ ಬೆಳಿಗ್ಗೆ ಕಾರ್ಖಾನೆಯ ಸೈರನ್ ಆದ ಕೂಡಲೇ ಅವನು ಗೇಟು ದಾಟಿ ಹೋಗುತ್ತಿದ್ದದ್ದು ಎಲ್ಲಿಗೆ? ಅತ್ತೆಯ ಪ್ರಕಾರ ಈಶ್ವರನ ಗುಡಿಗೆ. ನನಗೆ ಗುಂಡನ ಭಕ್ತಿಯ ಮೇಲೆ ಅಷ್ಟೊಂದು ನಂಬಿಕೆ ಇರಲಿಲ್ಲ.

ಮುಂದಿನ ಸೋಮವಾರ ತಾಯತ ಹಿಡಿದು ಹೊರಟೆ. ಗುಡಿಯ ಎದುರು ಹೂ ಮಾರುವವಳು, "ಆ ಕಂದು ನಾಯೀನಾ? ಗುಡಿ ಕಡೆ ತಿರುಗೂ ನೋಡ್ತಿರ್ಲಿಲ್ಲ ಮಾರಾಯ್ತಿ, ಸೀದಾ ಕ್ವಾರ್ಟರ್ಸ್ ಕಡೆ ಹೋಗ್ತಿತ್ತು" ಎಂದಳು. ಕ್ವಾರ್ಟರ್ಸಿನ ಕೊನೆಯ ಮನೆಯ ಮುಂದೆ ಒಬ್ಬಾಕೆ ಅಲ್ಯುಮಿನಿಯಂ ತಟ್ಟೆ ಇಟ್ಟುಕೊಂಡು ರಸ್ತೆ ನೋಡುತ್ತ ಕೂತಿದ್ದಳು. ತಾಯತ ಕಂಡವಳೇ ಎದ್ದು ನಿಂತಳು.

"ನನ್ನ ಮಣಿ ಎಲ್ಲಿ ಅಮ್ಮಾ?"

ನಮ್ಮ ಗುಂಡನೇ ಅವಳ ಮಣಿ; ಅವನು ಸತ್ತದ್ದನ್ನು ಹೇಳಿದೆ. ಸೆಲ್ವಿ ಎಂಬ ಆ ತಮಿಳು ಹೆಂಗಸು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನನಗೂ ಅಳು ಬಂತು.

"ಭಾನುವಾರ ನಮ್ಮಲ್ಲಿ ಮಟನ್ ಅಲ್ವಾ, ಮಣಿ ಪಾಲು ಎತ್ತಿಡ್ತಿದ್ದೆ" ಎಂದಳು. "ಸೋಮವಾರ ಸೈರನ್ ಆದ್ರೆ ಬಂದ್ಬಿಡ್ತಿದ್ದ. ತಟ್ಟೆ ತುಂಬಾ ಅನ್ನ, ಮೇಲೆ ಮೂಳೆ. ಹಲ್ಲು ಹೋದ್ಮೇಲೆ ನಾನೇ ಮಾಂಸ ಬಿಡಿಸಿ ಕೊಡ್ತಿದ್ದೆ. ಸೊರಗ್ತಿದ್ದಾನೆ ಅಂತ ಮಾರಿಯಮ್ಮನ ಗುಡೀಲಿ ತಾಯತ ಮಾಡಿಸ್ದೆ."

ಅತ್ತೆಗೆ ಇದನ್ನು ಹೇಗೆ ಹೇಳುವುದು? ಪಕ್ಕದ ಮನೆಯಲ್ಲಿ ಮೊಟ್ಟೆ ಒಡೆದರೆ ನಮ್ಮ ಕಿಟಕಿ ಮುಚ್ಚುವವರು. ಆದರೂ ಮನೆಗೆ ಬಂದು ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟೆ.

ಅತ್ತೆ ತಾಯತವನ್ನು ಅಂಗೈಯಲ್ಲಿ ತಿರುವಿ ತಿರುವಿ ನೋಡಿದರು.

"ಅಂದ್ರೆ ಅವನು ಹಸ್ಕೊಂಡಿರ್ಲಿಲ್ವಾ?"

"ಇಲ್ಲ ಅತ್ತೆ. ಹೊಟ್ಟೆ ಬಿರಿಯ ತಿಂದು ಬಂದು ನಿಮ್ಮ ಕಾಲ ಹತ್ರ ನಿದ್ದೆ ಹೊಡೀತಿದ್ದ."

"ಕಳ್ಳ ಮುಂಡೇದು" ಎಂದು ನಗುತ್ತ ಕಣ್ಣೊರೆಸಿಕೊಂಡರು.

ಸಂಜೆ ಪೂಜೆ ಮುಗಿಸಿ ತಾವಾಗಿಯೇ ಬಂದು ಊಟಕ್ಕೆ ಕೂತರು. ಅನ್ನ ಕಲಸುತ್ತ, "ಇನ್ನೊಂದ್ಸಲ ಹೇಳೇ ಸುಮನಾ, ಆಯಮ್ಮ ಎಷ್ಟು ಹಾಕ್ತಿದ್ಲಂತೆ?" ಎಂದು ಕೇಳಿದರು.

"ತಟ್ಟೆ ತುಂಬಾ ಅನ್ನ ಅತ್ತೆ, ಮೇಲೆ ಮೂಳೆ."

ಅತ್ತೆ ದೊಡ್ಡ ತುತ್ತೊಂದನ್ನು ಬಾಯಿಗಿಟ್ಟರು. ನುಂಗಿದ ಮೇಲೆ ಕೇಳಿದರು: "ಮೂಳೆ ದೊಡ್ಡದಿರ್ತಿತ್ತಂತಾ?"