ಮೊಳೆ ಮೇಸ್ತ್ರಿಯ ಮಾತ್ರೆ

ಕುರ್ಚಿ, ಸೋಫಾಗಳಿಗೆ ಬಟ್ಟೆ ಹೊದಿಸುವ ಕೆಲಸಕ್ಕೆ ಎರಡು ಕೈ ಸಾಲುವುದಿಲ್ಲ. ಎಡಗೈ ಬಟ್ಟೆಯನ್ನು ಸುಕ್ಕಿಲ್ಲದಂತೆ ಜಗ್ಗಿ ಹಿಡಿದಿರಬೇಕು, ಬಲಗೈಯಲ್ಲಿ ಸುತ್ತಿಗೆ ಇರಬೇಕು. ಹಾಗಾದರೆ ಮೊಳೆ ಕೊಡುವವರು ಯಾರು? ಬಾಯಿ. ಬೀದಿಯವರೆಲ್ಲ ಮೊಳೆ ಮೇಸ್ತ್ರಿ ಎಂದು ಕರೆಯುತ್ತಿದ್ದ ಈ ಮನುಷ್ಯ ಒಂದು ಹಿಡಿ ಸಣ್ಣ ಮೊಳೆಗಳನ್ನು ಎಡಗೆನ್ನೆಗೆ ಸೇರಿಸಿಕೊಂಡನೆಂದರೆ, ಆಮೇಲಿನದೆಲ್ಲ ನಾಲಿಗೆಯ ಜವಾಬ್ದಾರಿ. ಅದು ಒಂದೊಂದೇ ಮೊಳೆಯನ್ನು ತಿರುಗಿಸಿ, ತಲೆ ಮುಂದಾಗಿ ತುಟಿಗೆ ತಂದು ನಿಲ್ಲಿಸುತ್ತಿತ್ತು. ಅಯಸ್ಕಾಂತದ ಮೂತಿಯ ಸುತ್ತಿಗೆ ತುಟಿಯಿಂದಲೇ ಅದನ್ನು ಕಚ್ಚಿಕೊಂಡು ಮರಕ್ಕೆ ಇಳಿಸುತ್ತಿತ್ತು. ತುಟಿ, ಸುತ್ತಿಗೆ, ಮರ. ತುಟಿ, ಸುತ್ತಿಗೆ, ಮರ. ಅಂಗಡಿ ಮುಂದೆ ಹೋಗುವವರು ಒಂದು ಗಳಿಗೆ ನಿಂತು ನೋಡಿಯೇ ಮುಂದೆ ಹೋಗುತ್ತಿದ್ದರು.

ಕೆಲಸ ಕಲಿಸಿದ ಗುರು ಮೊದಲ ದಿನ ಹೇಳಿದ್ದು ಒಂದೇ ಮಾತು. "ಮೊಳೆ ಬಾಯಲ್ಲಿದ್ದಾಗ ಗಂಟಲು ನಿಂದಲ್ಲ ಅಂದ್ಕೋ. ಎಂಜಲು ಬಂದ್ರೂ ಉಗಿ, ನುಂಗಬೇಡ." ಮೂವತ್ತೆಂಟು ವರ್ಷ ಮೇಸ್ತ್ರಿ ಆ ಮಾತು ಮೀರಲಿಲ್ಲ. ಗಟ್ಟಿಯಾದದ್ದೇನಾದರೂ ಅಗಿಯದೆ ನಾಲಿಗೆಯ ಮೇಲೆ ಕೂತರೆ ಸಾಕು, ಗಂಟಲು ಬಾಗಿಲು ಹಾಕಿಕೊಳ್ಳುತ್ತಿತ್ತು. ನಾಲಿಗೆ ಅದನ್ನು ತಂದು ತುಟಿಗೆ ಒಪ್ಪಿಸುತ್ತಿತ್ತು.

ಹಾಗಾಗಿ, ಎದೆಬಡಿತ ತಾಳ ತಪ್ಪಿದೆ ಎಂದು ಡಾಕ್ಟರಮ್ಮ ದಿನಕ್ಕೊಂದು ಮಾತ್ರೆ ಬರೆದುಕೊಟ್ಟಾಗ ಮೇಸ್ತ್ರಿಗೆ ಎದೆಗಿಂತ ಗಂಟಲಿನದೇ ಚಿಂತೆಯಾಯಿತು. ಜ್ವರಕ್ಕೂ ಕೆಮ್ಮಿಗೂ ಕುಡಿಯುವ ಔಷಧಿಯಲ್ಲೇ ಐವತ್ತಾರು ವರ್ಷ ಸುಧಾರಿಸಿಕೊಂಡು ಬಂದಿದ್ದ. ಮೊದಲ ದಿನ ಮಾತ್ರೆ ಬಾಯಿಗಿಟ್ಟು ನೀರು ಕುಡಿದ. ನೀರು ಒಳಗೆ ಹೋಯಿತು, ಮಾತ್ರೆ ತುಟಿಗೆ ಬಂದು ನಿಂತಿತು. ಇನ್ನೊಂದು ಲೋಟ, ಮತ್ತೊಂದು ಲೋಟ. ಹೊಟ್ಟೆ ಕೊಡವಾಯಿತೇ ಹೊರತು ಮಾತ್ರೆ ಹಟ ಬಿಡಲಿಲ್ಲ. ಮರುದಿನದಿಂದ ಯಾರಿಗೂ ಹೇಳದೆ ಅದನ್ನು ಸುತ್ತಿಗೆಯಿಂದ ಕುಟ್ಟಿ, ಜಾಮಿನಲ್ಲಿ ಕಲಸಿ ನೆಕ್ಕತೊಡಗಿದ. ಇಷ್ಟು ಸುಲಭದ ಉಪಾಯ ಡಾಕ್ಟರಮ್ಮನಿಗೆ ಹೊಳೆಯಲಿಲ್ಲವಲ್ಲ ಎಂದು ಒಳಗೊಳಗೇ ಬೀಗಿದ್ದೂ ಉಂಟು.

ಒಂಬತ್ತನೆಯ ದಿನ ಮಧ್ಯಾಹ್ನ, ಸೋಫಾದ ಬೆನ್ನಿಗೆ ಮೊಳೆ ಹೊಡೆಯುತ್ತಿದ್ದವನು ಅದರ ಮೇಲೆಯೇ ಕವುಚಿಬಿದ್ದ. ಪಕ್ಕದ ಬೀಗದ ಅಂಗಡಿಯವನು ಓಡಿಬಂದು, ಬಾಯಿಗೆ ಬೆರಳು ಹಾಕಿ ಹನ್ನೊಂದು ಮೊಳೆ ಹೊರತೆಗೆದ.

"ಹನ್ನೆರಡು ಹಾಕ್ಕೊಂಡಿದ್ದೆ, ಒಂದು ಹೊಡೆದಾಗಿತ್ತು," ಎಂದ ಮೇಸ್ತ್ರಿ, ಆಸ್ಪತ್ರೆಯ ಮಂಚದ ಮೇಲೆ ಕಣ್ಣುಬಿಟ್ಟು. "ಎಚ್ಚರ ತಪ್ಪಿದಾಗ್ಲೂ ಒಂದನ್ನೂ ಒಳಗೆ ಬಿಟ್ಟಿಲ್ಲ ನೋಡಿ."

"ಮೊಳೆ ವಿಷಯದಲ್ಲಿ ಶಹಬಾಸ್," ಎಂದರು ಡಾಕ್ಟರಮ್ಮ. "ಮಾತ್ರೆ ಏನ್ ಮಾಡ್ತಿದ್ರಿ?"

ಮೇಸ್ತ್ರಿ ಮಂಚದ ಪಕ್ಕ ನಿಂತಿದ್ದ ಹೆಂಡತಿಯ ಮುಖ ನೋಡಿದ. ಅವಳ ಮುಖ ನೋಡಿದ ಮೇಲೆ ಸುಳ್ಳು ಹೇಳುವ ಧೈರ್ಯ ಬರಲಿಲ್ಲ. ಜಾಮಿನ ಕತೆ ಹೊರಬಿತ್ತು.

"ಆ ಮಾತ್ರೆ ಇಡೀ ದಿನ ಒಳಗೆ ಚೂರುಚೂರೇ ಕರಗ್ಲಿ ಅಂತ ಮಾಡಿರೋದು," ಎಂದರು ಡಾಕ್ಟರಮ್ಮ ನಿಧಾನವಾಗಿ. "ನೀವು ಕುಟ್ಟಿ, ದಿನದ ಔಷಧಿನೆಲ್ಲ ಒಂದೇ ಏಟಿಗೆ ಎದೆಗೆ ಹೊಡೆದಿದೀರಿ. ಹದಿನೈದು ದಿನ ಕುಡಿಯೋ ಔಷಧಿ ಕೊಡ್ತೀನಿ. ಅಷ್ಟರಲ್ಲಿ ನುಂಗೋದು ಕಲೀರಿ. ಕಲಿಯೋವರೆಗೂ ಬಾಯಿಗೆ ಮೊಳೆ ಹಾಕೋ ಹಾಗಿಲ್ಲ."

"ಅದು ನನ್ನ ಕೆಲಸ ತಾಯಿ."

"ಇನ್ನೊಂದ್ಸಲ ಬಿದ್ರೆ ಗಂಟಲು ನಿಮ್ಮ ಮಾತು ಕೇಳುತ್ತೆ ಅಂತ ಬರೆದುಕೊಡ್ತೀರಾ?"

ಹೆಂಡತಿ ಅಂಗಡಿಗೆ ಬೀಗ ಜಡಿದು, ಮೊಳೆಯ ಡಬ್ಬಿಯನ್ನು ತನ್ನ ಕೈಚೀಲಕ್ಕೆ ಸೇರಿಸಿದಳು. "ಮಾತ್ರೆ ಒಳಗೆ ಹೋದ ದಿನ ಡಬ್ಬಿ ಹೊರಗೆ ಬರುತ್ತೆ," ಎಂದಳು. ಶಾಲೆಯ ಕಚೇರಿಯಲ್ಲಿ ಕೆಲಸ ಮಾಡುವವಳು, ಒಮ್ಮೆ ಹೇಳಿದ ನಿಯಮ ಬದಲಿಸುವವಳಲ್ಲ. ಮೇಸ್ತ್ರಿ ಮುಖ ಊದಿಸಿಕೊಂಡು ಮನೆಯಲ್ಲಿ ಕೂತ. ಬೆರಳಿನಲ್ಲಿ ಒಂದೊಂದೇ ಮೊಳೆ ಹೆಕ್ಕಿ ಹೊಡೆಯುವವನೂ ಒಬ್ಬ ಮೇಸ್ತ್ರಿಯೇ? ನಾಲಿಗೆಯಲ್ಲಿದ್ದ ವಿದ್ಯೆ ಹೋದರೆ ತಾನು ಸುತ್ತಿಗೆ ಹಿಡಿದ ಮಾಮೂಲಿ ಮುದುಕ, ಅಷ್ಟೆ.

ಮನೆಯಲ್ಲಿ ಹಗಲಿಡೀ ಜೊತೆಗಿದ್ದವರು ಅತ್ತೆ, ಅಂದರೆ ಹೆಂಡತಿಯ ತಾಯಿ. ಎಂಬತ್ತೊಂದು ವಯಸ್ಸು, ಊದಿದ ಕಾಲು, ಚೂಪು ನಾಲಿಗೆ. ದಿನಾ ಬೆಳಗ್ಗೆ ಏಳು ಮಾತ್ರೆಗಳನ್ನು ಅಂಗೈಗೆ ಸುರಿದುಕೊಂಡು, ಒಂದೇ ಸಲ ಬಾಯಿಗೆ ಎಸೆದು, ತಲೆ ಹಿಂದಕ್ಕೆ ಚೆಲ್ಲಿ ಗಟಗಟ ನೀರು ಕುಡಿಯುತ್ತಿದ್ದರು.

"ನೋಡಿ ಕಲೀರಿ ಅಳಿಯಂದ್ರೇ. ನಾನು ಏಳು, ನೀವು ಒಂದು. ಆ ಒಂದಕ್ಕೇ ಹೆರಿಗೆ ನೋವು ತಿಂದ ಹಾಗೆ ಆಡ್ತೀರಲ್ಲ."

"ನಿಮ್ಮ ಗಂಟಲು ರಾಜಬೀದಿ ಅತ್ತೆ, ಏನು ಬೇಕಾದ್ರೂ ಹೋಗುತ್ತೆ. ಮಾತೂ ಅಲ್ಲಿಂದ್ಲೇ ಬರುತ್ತಲ್ಲ."

"ಬರುತ್ತಪ್ಪಾ. ಬಾಯಲ್ಲಿ ಕಬ್ಬಿಣದ ಅಂಗಡಿ ಇಟ್ಕೊಂಡವರಿಗೆ ಉತ್ತರ ಕೊಡೋರು ಒಬ್ಬರು ಬೇಡವಾ?"

ಔಷಧಿ ಅಂಗಡಿಯ ಹುಡುಗಿ ಒಂದು ಉಪಾಯ ಹೇಳಿಕೊಟ್ಟಿದ್ದಳು: ಮೊದಲು ಬ್ರೆಡ್ಡಿನ ಒಳಗಿನ ಮೆದು ಭಾಗವನ್ನು ಸಾಸಿವೆಯಷ್ಟು ಉಂಡೆ ಮಾಡಿ ನುಂಗಬೇಕು, ಆಮೇಲೆ ಮೆಣಸಿನಷ್ಟು, ಆಮೇಲೆ ಬಟಾಣಿಯಷ್ಟು. ಮೇಸ್ತ್ರಿ ಸಾಸಿವೆಯನ್ನು ಗೆದ್ದ. ಮೆಣಸು ನಾಲ್ಕು ಸಲದಲ್ಲಿ ಒಂದು ಸಲ ಹೋಯಿತು. ಬಟಾಣಿಯ ಹತ್ತಿರ ನಾಲಿಗೆಗೆ ಗುರುವಿನ ಮಾತು ನೆನಪಾಯಿತು. ಎಷ್ಟು ಹಿಂದೆ ಇಟ್ಟರೂ ಅದು ಉಂಡೆಯನ್ನು ಎತ್ತಿಕೊಂಡು ಮುಂದಕ್ಕೆ ಬಂದೇ ಬಂದಿತು.

ಐದನೆಯ ದಿನ ಬೇಸರ ತಡೆಯದೆ ಅವನ ಕಣ್ಣು ಅತ್ತೆಯ ಕುರ್ಚಿಯ ಮೇಲೆ ಬಿತ್ತು. ಊರಿನವರ ಕುರ್ಚಿಗಳೆಲ್ಲ ಹೊಸ ಬಟ್ಟೆ ಉಟ್ಟರೂ ಈ ಕುರ್ಚಿಗೆ ಹನ್ನೆರಡು ವರ್ಷದಿಂದ "ಮುಂದಿನ ವಾರ" ಆಗಿತ್ತು. ಬಿಚ್ಚುವುದಕ್ಕೆ ಬಾಯಿ ಬೇಕಿಲ್ಲ, ಕೈಯೇ ಸಾಕು.

"ಬೇಡ ಬಿಡಿ, ಚೆನ್ನಾಗಿದೆ," ಎಂದರು ಅತ್ತೆ.

"ಸ್ಪ್ರಿಂಗು ಹೊರಗೆ ಬಂದು ನಿಮ್ಮನ್ನ ಮಾತಾಡಿಸ್ತಿದೆ, ಚೆನ್ನಾಗಿದೆ ಅಂತೀರಲ್ಲ."

"ನನಗೆ ಅಭ್ಯಾಸ ಆಗಿದೆ. ಮುಟ್ಟಬೇಡಿ ಅಂದೆ."

ಇಷ್ಟು ವರ್ಷ ಕುರ್ಚಿ ಸರಿಮಾಡಲಿಲ್ಲವೆಂದು ಬಂದವರ ಮುಂದೆಲ್ಲ ಚುಚ್ಚಿದವರು ಈಗ ಬೇಡವೆನ್ನುತ್ತಿದ್ದಾರೆ. ಮೇಸ್ತ್ರಿಗೆ ವಿಚಿತ್ರವೆನಿಸಿತು. ಅವರು ಸ್ನಾನಕ್ಕೆ ಹೋದ ಹೊತ್ತು ನೋಡಿ ಕುರ್ಚಿಯನ್ನು ಬೋರಲು ಹಾಕಿ ಅಡಿಯ ಬಟ್ಟೆ ಕಿತ್ತ. ನಾರಿನ ಜೊತೆಗೆ ಏನೋ ಪಟಪಟ ನೆಲಕ್ಕೆ ಬಿತ್ತು. ದಪ್ಪ, ಉದ್ದನೆಯ ಬಿಳಿ ಮಾತ್ರೆಗಳು. ಕೆಲವು ಹಳದಿಗೆ ತಿರುಗಿದ್ದವು, ಕೆಲವು ಸ್ಪ್ರಿಂಗಿನ ಸುರುಳಿಯಲ್ಲಿ ಸಿಕ್ಕಿಕೊಂಡಿದ್ದವು. ಕೈಹಿಡಿಗೂ ಆಸನಕ್ಕೂ ನಡುವಿನ ಸಂದಿಯಲ್ಲಿ ಒಂದು ಬೆರಳು ಹೋಗುವಷ್ಟು ಹೊಲಿಗೆ ಬಿಚ್ಚಿತ್ತು. ಅತ್ತೆಯ ಕಾಲಿನ ಊತದ ಮಾತ್ರೆಗಳೆಂದು ಅವನಿಗೆ ಗೊತ್ತಾಗದೆ ಇರಲಿಲ್ಲ, ತಿಂಗಳು ತಿಂಗಳೂ ತಂದುಕೊಡುತ್ತಿದ್ದವನೇ ಅವನು. ಊತ ಇಳಿಯುತ್ತಿಲ್ಲವೆಂದು ಡಾಕ್ಟರಮ್ಮ ಒಂದಿದ್ದದ್ದನ್ನು ಎರಡು ಮಾಡಿದ್ದರು.

ಅವನು ಎಲ್ಲವನ್ನೂ ಹೆಕ್ಕಿ ಒಂದು ಬಟ್ಟಲಿಗೆ ತುಂಬಿದ. ನಗು ಬರಬೇಕಿತ್ತು, ಬರಲಿಲ್ಲ.

ಅತ್ತೆ ಒದ್ದೆ ಕೂದಲು ಒರೆಸಿಕೊಳ್ಳುತ್ತ ಬಂದು ಬಟ್ಟಲನ್ನು ನೋಡಿದರು.

"ಐದು ಹೋಗ್ತವೆ," ಎಂದರು ಟವೆಲನ್ನು ಹೆಗಲಿಗೆ ಹಾಕಿಕೊಂಡು. "ಸಣ್ಣವು. ಈ ಎರಡು ಕುದುರೆ ಗಾತ್ರದವು ಅಂಗೈಲೇ ಉಳಿಸ್ಕೋತೀನಿ. ಒಂದ್ಸಲ ಗಂಟಲಿಗೆ ಅಡ್ಡ ನಿಂತಿತ್ತು. ಮನೇಲಿ ಯಾರೂ ಇರ್ಲಿಲ್ಲ. ಕೂಗೋಣ ಅಂದ್ರೆ ದನಿ ಇಲ್ಲ. ಆವತ್ತಿಂದ."

"ಒಂದು ಮಾತು ಹೇಳಬಾರದಿತ್ತಾ?"

"ಮಗಳಿಗಾ? ಅವಳಿಗೆ ನಿಮ್ಮ ಎದೆದೇ ಚಿಂತೆ ಸಾಕಾಗಿದೆ. ನೀವು ಹೇಳಿದ್ರಾ, ಜಾಮ್ ನೆಕ್ಕೋವಾಗ?"

ಮೇಸ್ತ್ರಿ ತಾನು ಮೊದಲ ಸಲ ಮೊಳೆ ಬಾಯಿಗೆ ಹಾಕಿಕೊಂಡ ದಿನವನ್ನು ನೆನೆದ. ಆವತ್ತು ಗುರು ಕಲಿಸಿದ್ದು ವಿದ್ಯೆ, ಅತ್ತೆಗೆ ಆ ಖಾಲಿ ಮನೆ ಕಲಿಸಿದ್ದು ಭಯ. ಗಂಟಲಿಗೆ ಮಾತ್ರ ಎರಡೂ ಒಂದೇ ಪಾಠ.

"ಡಾಕ್ಟರಮ್ಮನಿಗೆ ಹೇಳ್ಲೇಬೇಕು ಅತ್ತೆ. ಈಗ ದಿಢೀರಂತ ಎರಡೆರಡು ನುಂಗಿದ್ರೆ ಅದು ಬೇರೆ ಅನಾಹುತ."

"ಆಯಮ್ಮ ಬೈತಾಳೆ."

"ನನಗೆ ಬೈದಾಗಿದೆ, ಸ್ವಲ್ಪ ಖರ್ಚಾಗಿರುತ್ತೆ."

ಡಾಕ್ಟರಮ್ಮನ ಹತ್ತಿರ ಬೈಗುಳ ಸಾಕಷ್ಟು ಉಳಿದಿತ್ತು. ಆದರೆ ಅತ್ತೆಯ ಊತದ ಮಾತ್ರೆ ಮತ್ತೆ ದಿನಕ್ಕೆ ಒಂದಕ್ಕೆ ಇಳಿಯಿತು. ಸಂಜೆ ಹೆಂಡತಿಗೂ ತಿಳಿಯಿತು. ಅವಳು ಕೂಗಾಡಲಿಲ್ಲ, ಬಟ್ಟಲನ್ನು ಒಮ್ಮೆ, ಇಬ್ಬರನ್ನೂ ಒಮ್ಮೆ ನೋಡಿ, "ಈ ಮನೇಲಿ ನಾನೊಬ್ಬಳೇ ಗಂಟಲು ಇರೋಳು," ಎಂದು ಒಳಗೆ ಹೋದಳು.

ಮರುದಿನದಿಂದ ಅಡುಗೆಮನೆಯ ಮೇಜೇ ಪಾಠಶಾಲೆ. ಅತ್ತೆ ಎದುರಿಗೆ ಕೂತು ಅಳಿಯನ ಬಾಯಿಯನ್ನೇ ನೋಡಿದರು. "ನಿಮ್ಮ ತುಟಿ ಮುಚ್ಚೋದೇ ಇಲ್ಲ ನೋಡಿ. ನಾಲಿಗೆ ತಂದು ಕೊಡ್ತದೆ ಅಂತ ಬಾಗಿಲು ತೆಗೆದಿಟ್ಟು ಕಾಯ್ತೀರಿ."

ಅದು ನಿಜವಾಗಿತ್ತು. ಮೇಸ್ತ್ರಿ ಲೋಟ ಬದಿಗಿಟ್ಟು ನೀರಿನ ಬಾಟಲಿ ತಂದ. ಉಂಡೆಯನ್ನು ನಾಲಿಗೆಯ ಮೇಲಿಟ್ಟು, ಬಾಟಲಿಯ ಬಾಯಿಗೆ ತುಟಿಯನ್ನು ಗಟ್ಟಿಯಾಗಿ ಒತ್ತಿ, ನೀರನ್ನು ಎಳೆದುಕೊಂಡ. ನಾಲಿಗೆ ಎಂದಿನಂತೆ ಮುಂದಕ್ಕೆ ಬಂತು, ಅಲ್ಲಿ ದಾರಿಯಿರಲಿಲ್ಲ. ಒಂದು ಕ್ಷಣ ಅದಕ್ಕೆ ಏನು ಮಾಡಬೇಕೆಂದು ತೋಚದೆ ನಿಂತಾಗ ನೀರು ಉಂಡೆಯನ್ನು ಕರೆದುಕೊಂಡು ಹೋಯಿತು.

"ಎಲ್ಲಿ?" ಎಂದರು ಅತ್ತೆ.

ಮೇಸ್ತ್ರಿ ಎಡಗೆನ್ನೆ ಹುಡುಕಿದ, ಬಲಗೆನ್ನೆ ಹುಡುಕಿದ. "ಇಲ್ಲ," ಎಂದ, ಏನನ್ನೋ ಕಳೆದುಕೊಂಡವನ ಹಾಗೆ.

"ಬಾಯಿ ತೆಗೀರಿ. ನಾಲಿಗೆ ಎತ್ತಿ. ಹೌದು, ಇಲ್ಲ."

"ಈಗ ನಿಮ್ಮದು. ನಾನು ಇಲ್ಲೇ ಇದೀನಿ, ಅಡ್ಡ ನಿಂತ್ರೆ ಬೆನ್ನಿಗೆ ಗುದ್ದೋಕೆ."

"ಬಹಳ ದಿನದ ಆಸೆ ಇರಬೇಕು," ಎಂದರು ಅತ್ತೆ. ಬಾಟಲಿಯನ್ನು ಎರಡೂ ಕೈಯಲ್ಲಿ ಎತ್ತಿದರು. ಮೇಸ್ತ್ರಿ ಬಾಟಲಿಯ ಅಡಿಯನ್ನು ತನ್ನ ಬೆರಳಿನಿಂದ ಆನಿಸಿ ಹಿಡಿದ.

ಹನ್ನೊಂದನೆಯ ದಿನ ಬೆಳಗ್ಗೆ ಹೆಂಡತಿಯ ಮುಂದೆ ಅತ್ತೆಯ ಕುದುರೆಯೂ ಹೋಯಿತು, ಅಳಿಯನ ಮಾತ್ರೆಯೂ ಇಡಿಯಾಗಿ ಹೋಯಿತು. ಅವಳು ಟಾರ್ಚು ಹಾಕಿ ಇಬ್ಬರ ಬಾಯಿಯನ್ನೂ ಪರೀಕ್ಷಿಸಿ, ಮೊಳೆಯ ಡಬ್ಬಿಯನ್ನು ಮೇಜಿನ ಮೇಲಿಟ್ಟು ಕೆಲಸಕ್ಕೆ ಹೊರಟಳು.

ಮೇಸ್ತ್ರಿ ಅತ್ತೆಯ ಕುರ್ಚಿಯನ್ನು ಎಳೆದುಕೊಂಡ. ಹೊಸ ನಾರು ತುಂಬಿ, ಬಟ್ಟೆ ಹರಡಿ, ಹಿಡಿ ಮೊಳೆ ಎಡಗೆನ್ನೆಗೆ ಹಾಕಿಕೊಂಡ. ಕಬ್ಬಿಣದ ಆ ತಣ್ಣನೆಯ ಹುಳಿರುಚಿ, ಹಳೆಯ ನಂಟರು ಮನೆಗೆ ಬಂದ ಹಾಗೆ. ಮೊದಲ ಮೊಳೆ ತುಟಿಗೆ ಬಂತು, ಇಳಿಯಿತು. ಎರಡನೆಯದೂ ಹಾಗೆಯೇ. ಮೂರನೆಯದು ನಾಲಿಗೆಯ ಮೇಲೆ ತಿರುಗುತ್ತಿದ್ದಾಗ ಗಂಟಲು ತಾನಾಗಿ ಸಣ್ಣಗೆ ತೆರೆದುಕೊಂಡಿತು. ಮೊಳೆ ಒಂದು ಕೂದಲೆಳೆಯಷ್ಟು ಹಿಂದಕ್ಕೆ ಜಾರಿತು.

ಅವನು ಸುತ್ತಿಗೆ ಬಿಟ್ಟು ಎಲ್ಲವನ್ನೂ ಬಲ ಅಂಗೈಗೆ ಉಗಿದ.

"ಏನಾಯ್ತು?" ಎಂದರು ಅತ್ತೆ.

"ಗಂಟಲು ಬಾಗಿಲು ತೆಗೆಯೋದು ಕಲಿತುಬಿಟ್ಟಿದೆ. ಯಾರಿಗೆ ತೆಗೀಬೇಕು, ಯಾರಿಗೆ ಬೇಡ ಅಂತ ಅದಕ್ಕೆ ಗೊತ್ತಿಲ್ಲ."

ಅವನು ಅಂಗೈಯ ಮೊಳೆಗಳನ್ನು ನೋಡುತ್ತ ಕೂತ. ಇವುಗಳಿಗಾಗಿಯೇ ಮಾತ್ರೆಯ ಜೊತೆ ಇಷ್ಟು ಗುದ್ದಾಡಿದ್ದು. ಎದ್ದುಹೋಗಿ ಅಯಸ್ಕಾಂತದ ಸುತ್ತಿಗೆಯನ್ನು ಪೆಟ್ಟಿಗೆಗೆ ಹಾಕಿಬಿಡೋಣವೇ ಎನ್ನಿಸಿತು. ಎಡಗೈ ಮಾತ್ರ ಬಟ್ಟೆಯನ್ನು ಜಗ್ಗಿ ಹಿಡಿದೇ ಇತ್ತು, ಬಿಟ್ಟರೆ ಸುಕ್ಕಾಗುತ್ತದೆ.

ಅವನು ಮಾತ್ರೆ ತುಂಬಿಟ್ಟಿದ್ದ ಅದೇ ಬಟ್ಟಲನ್ನು ಅತ್ತೆ ತಂದು, ಅವನ ಅಂಗೈಯಿಂದ ಮೊಳೆಗಳನ್ನು ಅದಕ್ಕೆ ಸುರಿದುಕೊಂಡರು. ಸ್ಟೂಲು ಎಳೆದು ಪಕ್ಕದಲ್ಲಿ ಕೂತು ಒಂದನ್ನು ಎರಡು ಬೆರಳಿನಲ್ಲಿ ಹಿಡಿದರು.

"ತಲೆ ನಿಮ್ಮ ಕಡೆಗೆ ತಾನೆ?"

"ಹೂಂ. ಇನ್ನೂ ಸ್ವಲ್ಪ ಮೇಲೆ."

ಸುತ್ತಿಗೆ ಅವರ ಬೆರಳಿನಿಂದ ಮೊಳೆಯನ್ನು ಕಚ್ಚಿಕೊಂಡಿತು. ಮೊದಲ ಮೂರು ಓರೆಯಾದವು. ನಾಲ್ಕನೆಯದು ನೆಟ್ಟಗೆ ಇಳಿಯಿತು.

"ನಿಧಾನ ಆಗುತ್ತೆ," ಎಂದ ಮೇಸ್ತ್ರಿ.

"ನನ್ನ ಕುರ್ಚಿ ಹನ್ನೆರಡು ವರ್ಷ ಕಾದಿದೆ," ಎಂದು ಅತ್ತೆ ಇನ್ನೊಂದು ಮೊಳೆ ಹಿಡಿದರು.