ಎದುರುಗಡೆಯವನ ನಾಲಿಗೆ

ಆ ಕೂಡುರಸ್ತೆಯ ನಾಲ್ಕು ಮೂಲೆಗೆ ನಾಲ್ಕು ಪಬ್‌ಗಳಿದ್ದವು. ನಗರದಲ್ಲಿ ಬೇರೆ ಪಬ್‌ಗಳೇ ಇರಲಿಲ್ಲವೆಂದಲ್ಲ. ಇದ್ದವು, ಆದರೆ ಅವನ್ನೂ ಪಬ್ ಎನ್ನುತ್ತಾರೆಂದು ಕೇಳಿದರೆ ಈ ನಾಲ್ಕು ಮೂಲೆಯವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾಲ್ಕರಲ್ಲಿ ತೀರಾ ಚಿಕ್ಕದು ಎಲ್ಲರೂ ದೊಡ್ಡಮ್ಮ ಎಂದು ಕರೆಯುತ್ತಿದ್ದವಳದು. ಹನ್ನೊಂದು ಸ್ಟೂಲು, ಮೂರು ಬಿಯರ್ ನಲ್ಲಿ, ಒಬ್ಬ ಸೀನಿದರೆ ಹತ್ತು ಜನರ ಗ್ಲಾಸಿನ ನೊರೆ ಹಾರುವಷ್ಟು ಇಕ್ಕಟ್ಟು. ಅವಳ ಕೋಪ ಮಾತ್ರ ನಾಲ್ಕೂ ಪಬ್‌ಗಳ ಗೋಡೆ ಒಡೆದು ಒಂದು ಮಾಡಿದರೂ ಒಳಗೆ ಹಿಡಿಸುವಂಥದ್ದಲ್ಲ. ಬಿಯರಿಗೆ ಐಸ್ ಹಾಕಿ ಎಂದ ವಿಮಾ ಏಜೆಂಟನೊಬ್ಬನಿಗೆ ಅವಳು ಬೈದಾಗ ಎದುರು ಕಟ್ಟಡದ ಮೂರನೇ ಮಹಡಿಯ ಕಿಟಕಿಗಳು ತಾವಾಗಿಯೇ ಮುಚ್ಚಿಕೊಂಡವು. ಆ ಏಜೆಂಟ್ ಇವತ್ತಿಗೂ ನೀರು ಕುಡಿಯುವ ಮುಂಚೆ ಸುತ್ತ ಒಮ್ಮೆ ನೋಡುತ್ತಾನೆ.

ಆ ಬೆಳಿಗ್ಗೆ ದೊಡ್ಡಮ್ಮನ ಕೋಪ ಎಂದಿನದಾಗಿರಲಿಲ್ಲ. ಕೌಂಟರಿನ ಹಿಂದೆ ಗೋಡೆಗೆ ಎರಡು ಚೀಟಿ ಅಂಟಿಸಿದ್ದಳು. ಎರಡರಲ್ಲೂ ಒಂದೇ ಪದ: ಹುಳಿ. ಪಬ್ಬೂ ಅವಳು ಮಲಗುವ ಮೇಲಿನ ಕೋಣೆಯೂ ಬಿಯರ್ ಕಂಪನಿಯ ಸ್ವತ್ತು. ಕಂಪನಿಯ ಪರೀಕ್ಷಕ ತಿಂಗಳಿಗೊಮ್ಮೆ ಬಂದು ರುಚಿ ನೋಡಿ ಬರೆಯುತ್ತಾನೆ. ಮೂರು ಸಲ ಹುಳಿ ಎಂದು ಬರೆದರೆ ಬೀಗದ ಕೈ ವಾಪಸು ಕೊಡಬೇಕು. ಮೂರನೆಯ ಸಲ ಅವನು ಬರುವುದು ಇಂದು, ಹನ್ನೆರಡು ಗಂಟೆಗೆ. ಮೂವತ್ತೊಂದು ವರ್ಷ ಅವಳು ಒರೆಸಿ ಒರೆಸಿ ಕೌಂಟರಿನ ಮರ ಅವಳ ಮೊಣಕೈ ಕೂರುವಲ್ಲಿ ತಗ್ಗಾಗಿತ್ತು.

"ಜಾಗ ಬೇಕು ಕಂಪನಿ ಕಳ್ಳರಿಗೆ, ಜಾಗ," ಎಂದು ಅವಳು ಖಾಲಿ ಸ್ಟೂಲುಗಳಿಗೆ ಹೇಳಿದಳು. ಆ ಸ್ಟೂಲುಗಳ ಮೇಲೂ ಅವಳಿಗೆ ಸಿಟ್ಟು. ಅಂಚೆಯವನು, ದರ್ಜಿ, ನಿವೃತ್ತ ಮೇಷ್ಟ್ರು ಒಬ್ಬೊಬ್ಬರಾಗಿ ಬೇರೆ ಮೂಲೆಗಳಿಗೆ ಜಾರಿಕೊಂಡಿದ್ದರು. ಯಾಕೆಂದು ಕೇಳಿದರೆ ಒಬ್ಬನಿಗೆ ಮಂಡಿನೋವು, ಒಬ್ಬನಿಗೆ ಹೆಂಡತಿಯ ಆಣೆ, ಮೇಷ್ಟ್ರಿಗಂತೂ ಒಂದು ವಾರ ಕಿವಿಯೇ ಕೇಳಿಸಲಿಲ್ಲ. ಎಲ್ಲರನ್ನೂ ಕಂಪನಿಯೇ ಬುಟ್ಟಿಗೆ ಹಾಕಿಕೊಂಡಿದೆ ಎಂದು ಅವಳ ಲೆಕ್ಕಾಚಾರ. ತನ್ನ ಬಿಯರ್ ಹುಳಿಯಲ್ಲ ಎನ್ನಲು ಅವಳ ಬಳಿ ಸಾಕ್ಷಿ ಇತ್ತು. ಸಾಕ್ಷಿ ಎಂದರೆ ತಮ್ಮ.

ಈ ನಾಲ್ಕು ಮೂಲೆಗೆ ಒಂದು ಕಟ್ಟಳೆ ಉಂಟು. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ನಲ್ಲಿಯಿಂದ ಬಿಟ್ಟ ಮೊದಲ ಗ್ಲಾಸನ್ನು ಪಬ್ಬಿನವರು ಮುಟ್ಟುವಂತಿಲ್ಲ, ಎದುರುಗಡೆ ಪಬ್ಬಿನವರು ಬಂದು ಕುಡಿದು ಹೇಳಬೇಕು. ದಿನಾ ತನ್ನದನ್ನೇ ಕುಡಿಯುವ ನಾಲಿಗೆಗೆ ತನ್ನ ಬಿಯರಿನ ಕೆಡುಕು ಹತ್ತುವುದಿಲ್ಲವೆಂದು ಹಿಂದಿನವರು ಮಾಡಿಟ್ಟದ್ದು. ಸರಿ ಎಂದರೆ ಬಾಗಿಲು ತೆರೆಯುವುದು, ಇಲ್ಲ ಎಂದರೆ ಪೈಪು ತೊಳೆಯುವುದು. ದೊಡ್ಡಮ್ಮನ ಎದುರುಗಡೆಯವನು ಅವಳ ಒಡಹುಟ್ಟಿದ ತಮ್ಮ. ಅವನನ್ನು ಎಲ್ಲರೂ ಮೀಸೆ ಎನ್ನುತ್ತಿದ್ದರು. ಆ ಮೀಸೆ ತಿರುವು ದಾಟಿ ಐದು ನಿಮಿಷದ ಮೇಲೆ ಉಳಿದ ಮನುಷ್ಯ ಬರುತ್ತಿದ್ದ. ನಾಲ್ಕು ತಿಂಗಳಿಂದ ದಿನ ತಪ್ಪದೆ ಅವನು ಅಕ್ಕನ ಗ್ಲಾಸು ಕುಡಿದು, "ಸರಿಯಾಗಿದೆ ಅಕ್ಕ" ಎಂದು ಹೇಳಿ ಹೋಗುತ್ತಿದ್ದ.

ಆ ಮಾತು ಅವಳಿಗೆ ಎಷ್ಟು ಬೇಕಿತ್ತೆಂದು ಅವಳಿಗೊಬ್ಬಳಿಗೇ ಗೊತ್ತು. ಚಳಿಗಾಲದಲ್ಲಿ ಬಂದ ಜ್ವರ ಹೋಗುವಾಗ ಅವಳ ಮೂಗನ್ನೂ ಹೊತ್ತುಕೊಂಡು ಹೋಗಿತ್ತು. ಇಸ್ತ್ರಿಪೆಟ್ಟಿಗೆಯ ಕೆಳಗೆ ಲಂಗ ಹೊತ್ತಿ ತೂತು ಬಿದ್ದರೂ ಹೊಗೆ ಕಣ್ಣಿಗೆ ಕಂಡ ಮೇಲೆಯೇ ತಿಳಿದದ್ದು. ಬಿಯರೂ ಒಂದೇ, ಬಾವಿನೀರೂ ಒಂದೇ. ಪಬ್ಬಿನವಳಿಗೆ ಮೂಗಿಲ್ಲವೆಂದು ಹೊರಗೆ ಗೊತ್ತಾದರೆ ಕಂಪನಿ ಚೀಟಿ ಬರೆಯುವ ತೊಂದರೆಯನ್ನೂ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಬಾಯಿ ಹೊಲಿದುಕೊಂಡಿದ್ದಳು. ತಮ್ಮನ ಮೊದಲ ಗ್ಲಾಸು ರುಚಿ ನೋಡಲು ಹೋದಾಗ ಬಣ್ಣ ನೋಡುವುದು, ನೊರೆ ನೋಡುವುದು, "ಪರವಾಗಿಲ್ಲ" ಎನ್ನುವುದು. ಹುಟ್ಟಿದಾಗಿನಿಂದ ತಮ್ಮನನ್ನು ಅವಳು ಅದಕ್ಕಿಂತ ಹೆಚ್ಚು ಹೊಗಳಿದ್ದಿಲ್ಲವಾದ್ದರಿಂದ ಅವನಿಗೆ ಅನುಮಾನ ಬರಲಿಲ್ಲ.

ಹನ್ನೆರಡಕ್ಕೆ ಸರಿಯಾಗಿ ಪರೀಕ್ಷಕ ಬಂದ. ಸಪೂರ ಆಳು. ಸ್ವಂತ ಗ್ಲಾಸನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಹಸುಗೂಸನ್ನು ತರುವಂತೆ ತಂದಿದ್ದ. ಅವನು ಬಟ್ಟೆ ಬಿಚ್ಚುವ ಮೊದಲೇ ದೊಡ್ಡಮ್ಮ ಬಾಗಿಲಿಗೆ ಹೋಗಿ ತಮ್ಮನನ್ನು ಕೂಗಿದಳು. ಆ ಕೂಗಿಗೆ ನಾಲ್ಕೂ ರಸ್ತೆಯ ವಾಹನಗಳು ನಿಂತವು. ಕೆಂಪು ದೀಪಕ್ಕೂ ಅಷ್ಟು ಮರ್ಯಾದೆ ಸಿಕ್ಕಿರಲಿಲ್ಲ. ಮೀಸೆ ಏಪ್ರನ್ನಿಗೆ ಕೈ ಒರೆಸುತ್ತ ಓಡಿ ಬಂದ.

ಅವಳು ಒಂದು ಗ್ಲಾಸು ತುಂಬಿ ಅವನ ಮುಂದೆ ಕುಕ್ಕಿದಳು.

"ಕುಡಿ. ಕುಡಿದು ಈ ಸಾಹೇಬ್ರ ಮುಖ ನೋಡ್ಕೊಂಡು ಹೇಳು. ದಿನಾ ನಂಗೆ ಹೇಳೋದನ್ನೇ ಹೇಳು."

ಮೀಸೆ ಕುಡಿದ. ಪರೀಕ್ಷಕನನ್ನು ನೋಡಿದ, ಗೋಡೆಯ ಚೀಟಿಗಳನ್ನು ನೋಡಿದ, ಮೀಸೆಯ ನೊರೆ ಒರೆಸಿಕೊಂಡ. ಅಕ್ಕನ ಮುಂದೆ ಸುಳ್ಳು ಹೇಳುವುದು ಅವನಿಗೆ ಉಸಿರಾಡಿದಷ್ಟೇ ಸಲೀಸು. ಆದರೆ ಇಡೀ ದಿನ ರುಚಿ ನೋಡುವುದೇ ಕೆಲಸವಾದವನ ಮುಂದೆ ಹುಳಿಯನ್ನು ಸಿಹಿ ಎಂದರೆ ನಾಳೆ ತನ್ನ ನಾಲಿಗೆಗೂ ಬೆಲೆ ಇರುವುದಿಲ್ಲ.

"ಹುಳಿ ಅಕ್ಕ," ಎಂದ ಮೆಲ್ಲಗೆ.

"ಏನಂದೆ?"

"ಹುಳಿ. ಮೂರು ತಿಂಗಳಿಂದ ಹುಳಿ."

ಮುಂದಿನ ಹತ್ತು ನಿಮಿಷ ಅವಳು ಆಡಿದ್ದನ್ನು ಬರೆಯಲು ಹೋದರೆ ಕಾಗದ ಹೊತ್ತಿಕೊಳ್ಳುತ್ತದೆ. ತೊಟ್ಟಿಲಿನ ಕಾಲದಿಂದ ಶುರು ಮಾಡಿ ಅವನಿಗೆ ಮಾಡಿದ ಉಪಕಾರಗಳನ್ನೆಲ್ಲ ಒಂದೊಂದಾಗಿ ಎಳೆದು ಹೊರಗೆ ಹಾಕಿದಳು. ದಿನಾ ಬೆಳಿಗ್ಗೆ ತನ್ನ ಕಣ್ಣೆದುರೇ ನಿಂತು ತನ್ನ ಕತ್ತು ಕೊಯ್ದನೆಂದಳು. ಗಿರಾಕಿಗಳೆಲ್ಲ ಅವನ ಪಬ್ಬಿಗೆ ಬರಲೆಂದೇ ಈ ಆಟ ಹೂಡಿದನೆಂದಳು. ಒಂದು ಸ್ಟೂಲು ಬಿತ್ತು. ಪರೀಕ್ಷಕ ತನ್ನ ಗ್ಲಾಸನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಕೊಂಡ.

"ಹೇಳ್ಬಾರ್ದಿತ್ತಾ ನಂಗೆ?" ಎಂದು ಕೊನೆಗೆ ಕೇಳಿದಳು.

"ಹೇಗೆ ಹೇಳ್ಲಿ? ಹಿಂದೆ ನಾನಿಲ್ಲದ ದಿನ ಮಗ್ಗುಲು ಪಬ್ಬಿನ ಮಾವ ಒಂದ್ಸಲ ಕುಡಿದು ಇಲ್ಲ ಅಂದಿದ್ದಕ್ಕೆ ಎರಡು ವರ್ಷ ಅವ್ರ ಮಗಳ ಮದುವೆ ಕಾಗದ ನೀನು ತೆಗೆದು ನೋಡ್ಲಿಲ್ಲ. ಈ ರಸ್ತೇಲಿ ನಿಂಗೆ ಇಲ್ಲ ಅನ್ನೋ ಗಂಡಸು ಹುಟ್ಟಿಲ್ಲ ಅಕ್ಕ. ಇವತ್ತೋ ನಾಳೆಯೋ ನಿಂಗೇ ಗೊತ್ತಾಗುತ್ತೆ ಅಂದ್ಕೊಂಡೆ. ಕಿಲೋಮೀಟರ್ ದೂರದಿಂದ ಹುಳಿ ಹಿಡಿಯೋಳು ನೀನು."

ದೊಡ್ಡಮ್ಮ ಸುಮ್ಮನಾದಳು. ಅವಳು ಸುಮ್ಮನಾದದ್ದನ್ನು ಆ ಮೂಲೆ ಮೊದಲ ಬಾರಿಗೆ ಕಂಡಿತು. ನೆಲಮಾಳಿಗೆಯ ಇಲಿಗಳು ಕೂಡ ಏನಾಯಿತೆಂದು ನಿಂತು ಕೇಳಿರಬೇಕು.

ಪರೀಕ್ಷಕ ಗಂಟಲು ಸರಿಮಾಡಿಕೊಂಡು, ಚೀಟಿ ಬರೆಯುವ ಮುಂಚೆ ಒಂದು ಸಲ ತೊಳೆದು ಮತ್ತೆ ಕೊಡಲು ನಿಯಮದಲ್ಲಿ ಅವಕಾಶವಿದೆ, ಕೆಟ್ಟದ್ದಕ್ಕೆ ಕಾರಣ ಹೇಳಿ ಕೇಳಿಕೊಂಡರೆ ಸಾಕು ಎಂದ.

"ಇಷ್ಟು ದಿನ ಯಾಕೆ ಬೊಗಳ್ಲಿಲ್ಲ?"

"ಎರಡು ಸಲವೂ ಹೇಳೋಕ್ಕೆ ಬಾಯಿ ತೆಗೆದೆ. ನೀವು ಬಾಗಿಲ ತನಕ ಅಟ್ಟಿಸ್ಕೊಂಡು ಬಂದ್ರಿ."

ಕಾರಣ ಹೇಳಬೇಕು. ಮೂವತ್ತೊಂದು ವರ್ಷ ಯಾರಿಗೂ ಯಾವುದಕ್ಕೂ ಕಾರಣ ಕೊಟ್ಟವಳಲ್ಲ. ಅವಳು ಕೌಂಟರಿನ ತಗ್ಗಿನಲ್ಲಿ ಮೊಣಕೈ ಊರಿ, ನಲ್ಲಿಗಳ ಕಡೆ ನೋಡುತ್ತ, ಹಲ್ಲು ಕಚ್ಚಿಕೊಂಡೇ ಹೇಳಿದಳು:

"ನಂಗೆ ವಾಸನೆ ಬರಲ್ಲ. ರುಚೀನೂ ಇಲ್ಲ. ಜ್ವರ ಬಂದಾಗಿಂದ. ಬರ್ಕೊಳ್ಳಿ, ಏನ್ ಬೇಕಾದ್ರೂ ಬರ್ಕೊಳ್ಳಿ."

ಪರೀಕ್ಷಕ ಗಡಿಯಾರ ನೋಡಿ, ತೊಳೆಯಲು ಎರಡು ಗಂಟೆ ಸಮಯವಿದೆ ಎಂದ.

ಅವಳು ಏಪ್ರನ್ನು ಬಿಗಿದು ತಮ್ಮನ ಕೈಗೆ ಬಕೆಟ್ಟು ತುರುಕಿದಳು. ಪೈಪುಗಳಿಗೆ ತೊಳೆಯುವ ಮದ್ದು ಬಿಟ್ಟು, ಅರ್ಧ ಗಂಟೆ ನಿಲ್ಲಿಸಿ, ನೀರು ಹಾಯಿಸಿದರು. ಆಮೇಲೆ ಮೀಸೆ ನಲ್ಲಿಗಳ ಮೂತಿ ಬಿಚ್ಚಿದ. ಒಳಗೆ ಕಪ್ಪು ಲೋಳೆ ಹೆಬ್ಬೆರಳು ದಪ್ಪ ಕಟ್ಟಿತ್ತು. ಉಳಿದ ಮೂರು ಮೂಲೆಯಲ್ಲಿ ವಾರಕ್ಕೊಮ್ಮೆ ಮೂತಿ ಬಿಚ್ಚುತ್ತಾರೆ. ದೊಡ್ಡಮ್ಮನ ಪದ್ಧತಿ ಬೇರೆ: ಮೂಗಿಗೆ ಬಡಿದಾಗ ಬಿಚ್ಚುವುದು. ವಾರದ ಲೆಕ್ಕ ಮೂಗಿಲ್ಲದವರಿಗೆ ಎಂದು ಜಂಬ ಕೊಚ್ಚುತ್ತಿದ್ದಳು. ಆ ಮೂಗು ನಾಲ್ಕು ತಿಂಗಳಿಂದ ರಜೆಯಲ್ಲಿತ್ತು, ಮೂತಿಗಳು ಹಾಗೇ ಇದ್ದವು. ಅವಳು ಬ್ರಷ್ಷು ಹಿಡಿದು ಉಜ್ಜಿದ ರಭಸಕ್ಕೆ ಹಿತ್ತಾಳೆ ಬಿಸಿಯಾಯಿತು.

ಮೊದಲ ಗ್ಲಾಸು ಬಿಟ್ಟರು. ಮೀಸೆ ಕುಡಿದು, ಅಭ್ಯಾಸಬಲದಿಂದ, ಸರಿಯಾಗಿದೆ ಅಕ್ಕ ಎಂದ. ಅವಳು ಅವನ ಮುಖವನ್ನೇ ನೋಡಿದಳು.

"ನಿಜ ಹೇಳು."

"ಇಲ್ಲ. ಸೋಪಿನ ಹಾಗಿದೆ."

ಮತ್ತೆ ನೀರು ಹಾಯಿಸಿದರು. ಮತ್ತೊಂದು ಗ್ಲಾಸು. ಅದನ್ನು ಬಾಯಿಗಿಡುತ್ತಿದ್ದ ಮೀಸೆಗೆ ಏನೋ ಹೊಳೆದು ಕೈ ಅರ್ಧದಲ್ಲೇ ನಿಂತಿತು.

"ತಡಿ. ನಾಲ್ಕು ತಿಂಗಳಿಂದ ನೀನು ನನ್ನ ಗ್ಲಾಸು ಕುಡಿದು ಪರವಾಗಿಲ್ಲ ಅಂತಿದ್ಯಲ್ಲ, ಅದೇನು?"

"ಬಣ್ಣ ನೋಡ್ತಿದ್ದೆ."

"ಬಣ್ಣ ನೋಡ್ತಿದ್ಯಾ?"

"ನೊರೇನೂ."

ಮೀಸೆಗೆ ಐವತ್ತಮೂರು ವರ್ಷ. ಅಷ್ಟೂ ವರ್ಷ ಅಕ್ಕನ ಮುಂದೆ ನುಂಗಿಕೊಂಡದ್ದೆಲ್ಲ ಒಟ್ಟಿಗೆ ಮೇಲೆ ಬಂತು. ತನ್ನ ಪಬ್ಬಿನಲ್ಲಿ ನೂರಾರು ಜನ ಕುಡಿಯುತ್ತಾರೆ, ಅವಳ ಒಂದು ಮಾತು ನಂಬಿ ದಿನಾ ಬಾಗಿಲು ತೆಗೆದದ್ದಾಯಿತು, ಅವಳ ಹೆದರಿಕೆಗೆ ತಾನು ಸುಳ್ಳು ಹೇಳಿದರೂ ಹೇಳುವಾಗ ನಾಚಿಕೆಯಾಗುತ್ತಿತ್ತು, ಇವಳಿಗೆ ಅದೂ ಇಲ್ಲ ಎಂದು ಕೂಗಿದ. ಮೀಸೆಯ ಒಂದೊಂದು ಕೂದಲೂ ನೆಟ್ಟಗಾಯಿತು. ದೊಡ್ಡಮ್ಮ ಅದಕ್ಕೆರಡು ಪಟ್ಟು ಕೂಗಿ ಮೊದಲು ಕುಡಿ ಎಂದಳು. ಅವನು ಒಂದೇ ಏಟಿಗೆ ಗ್ಲಾಸು ಖಾಲಿ ಮಾಡಿ ಕೌಂಟರಿಗೆ ಕುಕ್ಕಿದ.

"ಚೆನ್ನಾಗಿದೆ. ನಂದಕ್ಕಿಂತ ಚೆನ್ನಾಗಿದೆ. ಹಾಳಾಗಿ ಹೋಗು."

ಅವನು ಅಕ್ಕನಿಗೆ ಹಾಳಾಗಿ ಹೋಗು ಎಂದದ್ದು ಅದೇ ಮೊದಲು. ಈ ಸಲ ಅವಳು ಮರುಪ್ರಶ್ನೆ ಹಾಕಲಿಲ್ಲ. ಪರೀಕ್ಷಕನ ಗ್ಲಾಸು ತುಂಬಿ ಮುಂದಿಟ್ಟಳು. ಅವನು ಬೆಳಕಿಗೆ ಹಿಡಿದು, ಮೂಸಿ, ಎರಡು ಗುಟುಕು ಕುಡಿದು, ಚೀಟಿಯಲ್ಲಿ "ಸರಿ" ಎಂದು ಬರೆದು ಸಹಿ ಹಾಕಿದ. ಮುಂದಿನ ತಿಂಗಳಿನಿಂದ ರುಚಿ ನೋಡುವವರ ಹೆಸರನ್ನೂ ಬರೆದುಕೊಡಬೇಕು ಎಂದ.

ಆ ಮಾತು ಕೇಳಲು ಅಲ್ಲಿ ಯಾರೂ ಇರಲಿಲ್ಲ. ದೊಡ್ಡಮ್ಮ ಬಕೆಟ್ಟೂ ಬ್ರಷ್ಷೂ ಹಿಡಿದು ರಸ್ತೆಗಿಳಿದಿದ್ದಳು. ನಿನ್ನ ನಲ್ಲಿಗಳನ್ನೂ ಈಗಲೇ ಬಿಚ್ಚಿ ನೋಡುತ್ತೇನೆ, ನಾಲ್ಕು ತಿಂಗಳಲ್ಲಿ ನೀನೇನು ಕಡಿದು ಹಾಕಿದ್ದೀಯೋ ಕಾಣುತ್ತದೆ ಎಂದು ಅವಳು, ನನ್ನ ಬಾಗಿಲಿಗೆ ಕಾಲಿಟ್ಟರೆ ನೋಡು ಎಂದು ಅವನು, ಬಸ್ಸಿನ ಎದುರೇ ನಿಂತು ಬೈದಾಡುತ್ತಿದ್ದರು. ಪರೀಕ್ಷಕ ಬಾಗಿಲ ಕಡೆ ಒಮ್ಮೆ ನೋಡಿ, ಕೌಂಟರಿನ ಹಿಂದೆ ಹೋಗಿ, ತನಗೆ ತಾನೇ ಇನ್ನೊಂದು ಗ್ಲಾಸು ತುಂಬಿಕೊಂಡ.